ಲೈವ್ ಹಾಡುವವರಿಗೆ ಯಾವ ಮಿಕ್ಸರ್? ಕೊಳ್ಳುವ ಮೊದಲು ಒಂದು ಹೋಲಿಕೆ

"ಲೈವ್‌ಗೆ ಯಾವ ಮಿಕ್ಸರ್ ತಗೊಳ್ಳೋದು?" ಅಂತ ಕೇಳುವವರು ನಮ್ಮ ಚಿಕ್ಕಮಗಳೂರು ಕಡೆ ಈಗ ಜಾಸ್ತಿಯಾಗಿದ್ದಾರೆ. ಮಿಕ್ಸರ್ ಅಂದರೆ ಹಲವು ಮೈಕ್, ವಾದ್ಯಗಳ ದನಿಯನ್ನು ಹದವಾಗಿ ಬೆರೆಸಿ ಕಳಿಸುವ ಪೆಟ್ಟಿಗೆ. ಭಾವಗೀತೆ ಹಾಡುವವರು, ಕೊಪ್ಪ-ಶೃಂಗೇರಿ ಕಡೆಯ ತಾಳಮದ್ದಲೆ ತಂಡದವರು, ಗಿಟಾರ್ ಹಿಡಿದು ಇನ್‌ಸ್ಟಾಗ್ರಾಮ್‌ನಲ್ಲಿ ಕೂರುವ ಹುಡುಗರು, ಮನೆಯಿಂದಲೇ ಸಂಗೀತ ಪಾಠ ಹೇಳುವ ಟೀಚರ್‌ಗಳು. ಎಲ್ಲರ ಕೈಯಲ್ಲೂ ಅದದೇ ಐದಾರು ಹೆಸರುಗಳ ಪಟ್ಟಿ. ಆದರೆ ಒಬ್ಬರಿಗೆ ಹೇಳಿ ಮಾಡಿಸಿದಂತಿರುವುದು ಇನ್ನೊಬ್ಬರಿಗೆ ದಂಡ. ಹಾಗಾಗಿ ಹೆಸರುಗಳನ್ನು ಆಮೇಲೆ ನೋಡೋಣ. ಮೊದಲು ನಿಮ್ಮ ಕಾರ್ಯಕ್ರಮವನ್ನೇ ನಾಲ್ಕು ಪ್ರಶ್ನೆ ಕೇಳಬೇಕು.

ಒಂದನೆಯದು: ಒಂದೇ ಹೊತ್ತಿಗೆ ಎಷ್ಟು ಮೈಕ್ ತೆರೆದಿರಬೇಕು?

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಮಿಕ್ಸರ್ ಹೆಸರಿನಲ್ಲಿರುವ ಸಂಖ್ಯೆ ಮೈಕ್‌ಗಳ ಲೆಕ್ಕ ಅಲ್ಲ. ಯಮಹಾ ಎಂಜಿ10ಎಕ್ಸ್‌ಯು ಅಂದರೆ ಹತ್ತು ಚಾನೆಲ್ (ದನಿ ಒಳಬರುವ ದಾರಿ), ಆದರೆ ಮೈಕ್ ಹಾಕಲು ಇರುವುದು ನಾಲ್ಕೇ ಕಡೆ. ಸೌಂಡ್‌ಕ್ರಾಫ್ಟ್ ನೋಟ್‌ಪ್ಯಾಡ್-12ಎಫ್‌ಎಕ್ಸ್‌ನಲ್ಲೂ ನಾಲ್ಕೇ. ಬೆಹ್ರಿಂಜರ್ ಕ್ಯೂ802ಯುಎಸ್‌ಬಿಯಲ್ಲಿ ಎರಡು. ಯಮಹಾ ಎಜಿ06ರಲ್ಲೂ ಎರಡು. ಉಳಿದವು ಕೀಬೋರ್ಡ್, ಫೋನ್‌ನಂಥವುಗಳಿಗೆ ಇರುವ ಲೈನ್ ಇನ್‌ಪುಟ್. ಅವನ್ನು ಜೋಡಿಯಾಗಿ, ಎಡ ಬಲ ಬೇರೆ ಬೇರೆ ಎಣಿಸಿರುತ್ತಾರೆ.

ಈಗ ನಿಮ್ಮದನ್ನು ಎಣಿಸಿ. ಹಾಡುವವರಿಗೆ ಒಂದು, ಹಾರ್ಮೋನಿಯಂಗೆ ಒಂದು, ತಬಲಕ್ಕೆ ಒಂದು, ಬಾಯಾದ ಗುಂಗು ಚೆನ್ನಾಗಿ ಬರಬೇಕೆಂದರೆ ಎರಡು. ಶ್ರುತಿ ಆ್ಯಪ್‌ನಿಂದ ಬರುವುದಾದರೆ ಅದಕ್ಕೆ ಮೈಕ್ ಬೇಡ, ಲೈನ್ ಸಾಕು. ಅಲ್ಲಿಗೆ ಸಣ್ಣ ಭಾವಗೀತೆ ಕೂಟಕ್ಕೂ ಮೂರು ನಾಲ್ಕು ಮೈಕ್ ಆಯಿತು, ಅಲ್ವಾ? ತಾಳಮದ್ದಲೆಗೆ ಭಾಗವತರು, ಮದ್ದಲೆ, ಚಂಡೆ, ಮೂರು ನಾಲ್ಕು ಅರ್ಥಧಾರಿಗಳು ಅಂದರೆ ಆರಕ್ಕೆ ಕಡಿಮೆ ಆಗುವುದಿಲ್ಲ.

ಎರಡನೆಯದು: ದನಿ ಎಲ್ಲಿಗೆ ಹೋಗಬೇಕು, ಫೋನಿಗೋ ಲ್ಯಾಪ್‌ಟಾಪಿಗೋ?

ಲ್ಯಾಪ್‌ಟಾಪ್ ಆದರೆ ಕೆಲಸ ಸುಲಭ. ಯುಎಸ್‌ಬಿ ಕೇಬಲ್ ಹಾಕಿ, ಒಬಿಎಸ್ ಸ್ಟುಡಿಯೋದಲ್ಲಿ ಮಿಕ್ಸರ್ ಹೆಸರು ಆರಿಸಿದರೆ ಮುಗಿಯಿತು. ಒಬಿಎಸ್ ಅಂದರೆ ಲ್ಯಾಪ್‌ಟಾಪಿನಿಂದ ಲೈವ್ ಕಳಿಸುವ ಉಚಿತ ಸಾಫ್ಟ್‌ವೇರ್. ಕ್ಯಾಮೆರಾದ ಚಿತ್ರ ತಡವಾಗಿ ಬಂದು ತುಟಿಗೂ ದನಿಗೂ ತಾಳೆಯಾಗದಿದ್ದರೆ ದನಿಯನ್ನು ಇಷ್ಟು ಮಿಲಿಸೆಕೆಂಡ್ ತಡ ಮಾಡು ಅಂತ ಅದರಲ್ಲೇ ಹೇಳಬಹುದು.

ಫೋನ್ ಆದರೆ ಹುಷಾರಾಗಿರಬೇಕು. ದಾರಿ ಎರಡಿವೆ. ಒಂದು, ಒಟಿಜಿ ಕೇಬಲ್ ಮೂಲಕ ಯುಎಸ್‌ಬಿ. ಇನ್ನೊಂದು, ಇಯರ್‌ಫೋನ್ ತೂತಿಗೆ ಹಾಕುವ ಮೂರು ಕಪ್ಪು ಗೆರೆಯ ಪಿನ್. ಯುಎಸ್‌ಬಿಯಲ್ಲಿ ಕ್ವಾಲಿಟಿ ಚೆನ್ನಾಗಿ ಬರುತ್ತದೆ. ಆದರೆ ಆಂಡ್ರಾಯ್ಡ್‌ನಲ್ಲಿ ಕೆಲವು ಫೋನು, ಕೆಲವು ಆ್ಯಪ್‌ಗಳು ಮಿಕ್ಸರ್ ಸಿಕ್ಕಿಸಿದ್ದರೂ ಫೋನಿನ ಒಳಗಿನ ಮೈಕನ್ನೇ ಹಿಡಿದುಕೊಳ್ಳುತ್ತವೆ. ಹಾಡುವವರು ಮೈಕ್ ಮುಂದೆ ಹಾಡುತ್ತಿರುತ್ತಾರೆ, ಕೇಳುವವರಿಗೆ ಕೋಣೆಯ ಫ್ಯಾನಿನ ಸದ್ದು ಹೋಗುತ್ತಿರುತ್ತದೆ. ಪರೀಕ್ಷೆ ಸುಲಭ: ಲೈವ್ ಶುರುಮಾಡಿ ಫೋನಿನ ಮೈಮೇಲೆ ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಆ ಕೆರೆತ ಕೇಳಿಸಿದರೆ ಮಿಕ್ಸರ್ ದನಿ ಹೋಗುತ್ತಿಲ್ಲ ಅಂತಲೇ ಅರ್ಥ.

ಪಿನ್ನಿನ ದಾರಿ ಬಹುತೇಕ ಎಲ್ಲ ಆ್ಯಪ್‌ನಲ್ಲೂ ಕೆಲಸ ಮಾಡುತ್ತದೆ. ಅಲ್ಲಿ ದನಿ ಒಂದೇ ಚಾನೆಲ್‌ನಲ್ಲಿ, ಅಂದರೆ ಮೋನೋ ಆಗಿ ಹೋಗುತ್ತದೆ. ಹಾಡಿಗೆ ತೊಂದರೆಯಿಲ್ಲ. ಕೀಬೋರ್ಡ್‌ನ ಕೆಲವು ಅಗಲವಾದ ಸ್ಟೀರಿಯೋ ಟೋನುಗಳು ಮಾತ್ರ ಮೋನೋದಲ್ಲಿ ಟೊಳ್ಳು ಹೊಡೆಯುತ್ತವೆ, ಬೇರೆ ಟೋನ್ ಹಾಕಿಕೊಂಡರೆ ಸರಿಹೋಗುತ್ತದೆ. ಇನ್ನೊಂದು ಎಚ್ಚರಿಕೆ: ಮಾಮೂಲಿ ಮಿಕ್ಸರ್‌ನ ಔಟ್‌ಪುಟ್ಟನ್ನು ನೇರ ಈ ತೂತಿಗೆ ಕೊಡಬೇಡಿ. ಫೋನು ಅಲ್ಲಿ ಮೈಕಿನಷ್ಟು ಸಣ್ಣ ಸಿಗ್ನಲ್ ಬರುತ್ತದೆ ಅಂದುಕೊಂಡಿರುತ್ತದೆ. ಅದಕ್ಕಿಂತ ಎಷ್ಟೋ ದೊಡ್ಡದಾದ ಲೈನ್ ಸಿಗ್ನಲ್ ಬಂದರೆ ದನಿ ಒಡೆದು ಹರಕಲಾಗುತ್ತದೆ. ಫೋನಿಗೆಂದೇ ಬೇರೆ ತೂತು ಇರುವ ಮಿಕ್ಸರ್‌ಗಳಲ್ಲಿ ಈ ತಾಪತ್ರಯ ಇಲ್ಲ.

ಮೂರನೆಯದು: ಕರೆಂಟ್ ಹೋದರೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಮರ ಬಿದ್ದು ಲೈನ್ ಹೋಗುವುದು ಹೊಸದಲ್ಲ. ಕಳಸದಲ್ಲೋ ಬಾಳೆಹೊನ್ನೂರಿನಲ್ಲೋ ಕೂತು ಲೈವ್ ಮಾಡುವವರಿಗೆ ಇದು ಕೊನೆಯ ಪ್ರಶ್ನೆ ಅಲ್ಲ, ಮೊದಲ ಪ್ರಶ್ನೆ. ಐದು ವೋಲ್ಟ್ ಯುಎಸ್‌ಬಿಯಲ್ಲಿ ನಡೆಯುವ ಮಿಕ್ಸರ್‌ಗೆ ಪವರ್ ಬ್ಯಾಂಕ್ ಸಾಕು. ತನ್ನದೇ ಅಡಾಪ್ಟರ್ ಬೇಡುವ ಮಿಕ್ಸರ್‌ಗೆ ಯುಪಿಎಸ್ ಅಥವಾ ಇನ್ವರ್ಟರ್ ಲೈನ್ ಬೇಕೇ ಬೇಕು.

ನಾಲ್ಕನೆಯದು: ಮಿಕ್ಸರ್ ಮುಂದೆ ಕೂರುವವರು ಯಾರು?

ಹಾಡುವವರೇ ಲೈವನ್ನೂ ನೋಡಿಕೊಳ್ಳುವುದಾದರೆ ಕಡಿಮೆ ಗುಂಡಿ ಇದ್ದಷ್ಟೂ ಒಳ್ಳೆಯದು. ಬೇರೆಯವರು ಕೂರುವುದಾದರೆ ಉದ್ದಕ್ಕೆ ಜಾರಿಸುವ ಫೇಡರ್ ಇರುವುದನ್ನು ತಗೊಳ್ಳಿ. ಯಾವ ಮೈಕ್ ಎಷ್ಟು ಏರಿದೆ ಅಂತ ಕಣ್ಣಿಗೇ ಕಾಣುತ್ತದೆ.

ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ ಅನ್ನುವ ವಿಷಯವೂ ಒಂದಿದೆ. ಡಬ್ಬದ ಮೇಲೆ 24-ಬಿಟ್, 192 ಕಿಲೋಹರ್ಟ್ಸ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಯೂಟ್ಯೂಬ್ ಲೈವ್‌ಗೆ ಅವರೇ ಸೂಚಿಸುವುದು ಸ್ಟೀರಿಯೋದಲ್ಲಿ 128 ಕೆಬಿಪಿಎಸ್, 44.1 ಕಿಲೋಹರ್ಟ್ಸ್. 192ಕ್ಕಾಗಿ ಕೊಟ್ಟ ಜಾಸ್ತಿ ದುಡ್ಡು ಕೇಳುಗರ ಕಿವಿಯವರೆಗೆ ತಲುಪುವುದೇ ಇಲ್ಲ. ಆ ದುಡ್ಡನ್ನು ಮೈಕಿಗೆ ಹಾಕಿ.

ಇನ್ನು ಒಂದೊಂದಾಗಿ ನೋಡೋಣ.

ಐದು ಸಾವಿರದೊಳಗಿನ ಸೌಂಡ್ ಕಾರ್ಡ್‌ಗಳು

ವಿ8 ಮತ್ತು ಅದರಂಥ ಬಣ್ಣಬಣ್ಣದ ಗುಂಡಿಗಳ ಡಬ್ಬಿಗಳು. ಚಪ್ಪಾಳೆ ಸದ್ದು, ನಗುವಿನ ಸದ್ದು, ದನಿ ಬದಲಿಸುವ ಗುಂಡಿ, ಒಳಗೇ ಬ್ಯಾಟರಿ, ಫೋನಿಗೆ ನೇರ ಕೇಬಲ್. ಕರೋಕೆ ಟ್ರ್ಯಾಕ್ ಹಾಕಿ ಒಬ್ಬರೇ ಹಾಡುವವರು ಇದರಿಂದ ಶುರುಮಾಡಬಹುದು. ಆದರೆ ಹಿಂದೆ ಸಣ್ಣಗೆ 'ಸ್‌ಸ್' ಅನ್ನುವ ಸದ್ದು ಇದ್ದೇ ಇರುತ್ತದೆ. ಆಲಾಪದಂಥ ಮೆಲುದನಿಯ ಜಾಗದಲ್ಲಿ ಅದು ಎದ್ದು ಕಾಣುತ್ತದೆ. ಹಲವು ಡಬ್ಬಿಗಳಲ್ಲಿ 48 ವೋಲ್ಟ್ ಫ್ಯಾಂಟಮ್ ಪವರ್ (ಕಂಡೆನ್ಸರ್ ಅನ್ನುವ ಸೂಕ್ಷ್ಮ ಮೈಕ್‌ಗಳಿಗೆ ಕೇಬಲ್‌ನಲ್ಲೇ ಹೋಗುವ ಕರೆಂಟ್) ಇರುವುದಿಲ್ಲ, ಹಾಗಾಗಿ ಮುಂದೆ ಒಳ್ಳೆಯ ಕಂಡೆನ್ಸರ್ ಮೈಕ್ ತಂದರೆ ಡಬ್ಬಿಯನ್ನೂ ಬದಲಿಸಬೇಕಾಗುತ್ತದೆ. ತಿಂಗಳಿಗೊಮ್ಮೆ ಖುಷಿಗೆ ಹಾಡುವವರಿಗೆ ಸಾಕು. ಸಂಗೀತವನ್ನೇ ಹಿಡಿದು ಮುಂದೆ ಹೋಗುತ್ತೇನೆ ಅನ್ನುವವರು ಎರಡು ತಿಂಗಳು ಕಾದು ದುಡ್ಡು ಕೂಡಿಸಿ ಮುಂದಿನ ಮೆಟ್ಟಿಲಿಗೇ ಹೋಗುವುದು ಲೇಸು.

ಆಡಿಯೋ ಇಂಟರ್‌ಫೇಸ್: ಸ್ಕಾರ್ಲೆಟ್ ಸೋಲೋ, 2ಐ2

ಫೋಕಸ್‌ರೈಟ್‌ನವರದು. ಇದು ಮಿಕ್ಸರ್ ಅಲ್ಲ, ಮೈಕ್ ದನಿಯನ್ನು ಚೊಕ್ಕವಾಗಿ ಲ್ಯಾಪ್‌ಟಾಪಿಗೆ ಮುಟ್ಟಿಸುವ ಪೆಟ್ಟಿಗೆ. ಸೋಲೋದಲ್ಲಿ ಒಂದು ಮೈಕ್, ಒಂದು ಗಿಟಾರ್. 2ಐ2ನಲ್ಲಿ ಎರಡು ಮೈಕ್. ಕೊಳ್ಳುವುದಾದರೆ 2023ರಲ್ಲಿ ಬಂದ ನಾಲ್ಕನೇ ಪೀಳಿಗೆಯದನ್ನೇ ಕೇಳಿ. ಲ್ಯಾಪ್‌ಟಾಪ್‌ನಲ್ಲಿ ಬಾರಿಸುವ ಟ್ರ್ಯಾಕನ್ನೂ ಲೈವ್‌ಗೆ ಸೇರಿಸುವ ಲೂಪ್‌ಬ್ಯಾಕ್ ಅದರಲ್ಲಿದೆ, ಹಳೆಯ ಮೂರನೇ ಪೀಳಿಗೆಯ ಇವೇ ಮಾಡೆಲ್‌ಗಳಲ್ಲಿ ಇರಲಿಲ್ಲ. ಹೊಸ 2ಐ2ನಲ್ಲಿ ಗುಂಡಿ ಒತ್ತಿ ಸ್ವಲ್ಪ ಹೊತ್ತು ಹಾಡಿದರೆ ಗೇನ್ (ಮೈಕ್ ದನಿಯನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಮಟ್ಟ) ತಾನೇ ಹೊಂದಿಸಿಕೊಳ್ಳುತ್ತದೆ. ಹಾಡಿನ ಮಧ್ಯೆ ದನಿ ಏರಿ ಒಡೆಯುವ ಹಂತಕ್ಕೆ ಬಂದರೆ ತಾನೇ ಇಳಿಸುತ್ತದೆ. ಒಬ್ಬರೇ ಕೂತು ಹಾಡುವವರಿಗೆ ಇದು ದೊಡ್ಡ ನೆಮ್ಮದಿ.

ಕೊರತೆ ಏನೆಂದರೆ ರಿವರ್ಬ್, ಅಂದರೆ ದನಿಗೆ ಗುಂಗು ಸೇರಿಸುವ ಸೌಲಭ್ಯ, ಇಲ್ಲ. ಒಬಿಎಸ್‌ನಲ್ಲಿ ಪ್ಲಗಿನ್ ಹಾಕಿ ಸೇರಿಸಬಹುದು, ಆದರೆ ಹಾಡುವಾಗ ನಿಮ್ಮ ಹೆಡ್‌ಫೋನಿನಲ್ಲಿ ಒಣದನಿಯೇ ಕೇಳಿಸುತ್ತದೆ. ಭಾವಗೀತೆ ಹಾಡುವ ಹಲವರಿಗೆ ಇದು ಒಗ್ಗುವುದಿಲ್ಲ. ಫೋನಿನ ಜೊತೆಗೂ ಇದು ಅಷ್ಟು ಹೊಂದುವುದಿಲ್ಲ. ಫೋನು ಕೊಡುವ ಕರೆಂಟ್ ಸಾಲದೆ ನಡುವೆ ಪವರ್ ಇರುವ ಹಬ್ ಬೇಕಾಗಬಹುದು.

ಯಮಹಾ ಎಜಿ03, ಎಜಿ06

ಇವನ್ನು ಮಾಡಿರುವುದೇ ಲೈವ್‌ಗಾಗಿ. ಮೊದಲ ಎಜಿ03 2015ರಲ್ಲಿ ಬಂತು, ಈಗಿನ ಎಂಕೆ2 (ಎರಡನೇ ಆವೃತ್ತಿ) 2022ರದ್ದು. 03ರಲ್ಲಿ ಒಂದು ಮೈಕ್, ಜೊತೆಗೆ ಗಿಟಾರ್ ಅಥವಾ ಕೀಬೋರ್ಡ್. ಒಳಗೇ ರಿವರ್ಬ್, ದನಿಯ ಏರಿಳಿತ ಹದಮಾಡುವ ಕಂಪ್ರೆಸರ್. ಮೈಕ್ ಮುಚ್ಚಲು ಕೈಗೆ ಸಿಗುವ ಮ್ಯೂಟ್ ಗುಂಡಿ. ಫೋನಿಗೆಂದೇ ಬೇರೆ ತೂತು. ಪವರ್‌ಗೆಂದು ಪ್ರತ್ಯೇಕ ಯುಎಸ್‌ಬಿ-ಸಿ, ಅಂದರೆ ಫೋನಿಗೆ ಸಿಕ್ಕಿಸಿದಾಗ ಪವರ್ ಬ್ಯಾಂಕಿನಿಂದ ನಡೆಸಬಹುದು. ನಮ್ಮ ಮೂರನೇ ಪ್ರಶ್ನೆಗೆ ಈ ಬೆಲೆಯಲ್ಲಿ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ.

ಇದರ ಮೂರು ಹಂತದ ಒಂದು ಪುಟ್ಟ ಸ್ವಿಚ್ ಬಗ್ಗೆ ಹೇಳಲೇಬೇಕು. ಲ್ಯಾಪ್‌ಟಾಪಿಗೆ ಬರಿ ಮೈಕ್ ಹೋಗಬೇಕೋ, ಮಿಕ್ಸರಿಗೆ ಬಂದದ್ದೆಲ್ಲ ಹೋಗಬೇಕೋ, ಲ್ಯಾಪ್‌ಟಾಪಿನ ದನಿಯನ್ನೂ ಸೇರಿಸಿ ಹೋಗಬೇಕೋ ಅಂತ ಅದು ತೀರ್ಮಾನಿಸುತ್ತದೆ. ಕರೋಕೆ ಲೈವ್‌ಗೆ ಮೂರನೆಯದು ಬೇಕು. ಆನ್‌ಲೈನ್ ಪಾಠಕ್ಕೆ ಮಾತ್ರ ಅದನ್ನು ಹಾಕಲೇಬಾರದು. ಹಾಕಿದರೆ ಮಗು ಹಾಡಿದ್ದು ಮಗುವಿಗೇ ವಾಪಸ್ ಕೇಳಿಸಿ, ತಾಳವೇ ತಪ್ಪಿಹೋಗುತ್ತದೆ.

ಪಾಠ ಹೇಳುವವರಿಗೆ ಇನ್ನೊಂದು ಮಾತು. ಝೂಮ್ ಮೀಟಿಂಗ್‌ನಲ್ಲಿ ತಂಬೂರ, ಹಾರ್ಮೋನಿಯಂನ ಎಳೆದ ಸ್ವರ ಕ್ಷಣಕ್ಷಣಕ್ಕೂ ಮಾಯವಾಗುತ್ತದೆಯೇ? ಅದು ಮಿಕ್ಸರ್ ದೋಷ ಅಲ್ಲ. ಒಂದೇ ಸಮನೆ ಬರುವ ದನಿಯನ್ನು ಆ್ಯಪು ಫ್ಯಾನಿನ ಗದ್ದಲ ಅಂದುಕೊಂಡು ಒರೆಸಿಹಾಕುತ್ತದೆ. ಸೆಟ್ಟಿಂಗ್‌ನಲ್ಲಿ 'ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್' ಆನ್ ಮಾಡಿ. ಹೊಸ ಮಿಕ್ಸರ್ ಕೊಳ್ಳುವ ಮೊದಲು ಇದನ್ನು ನೋಡಿ. ಖರ್ಚೇ ಬೇಡವಾಗಬಹುದು.

ಎಜಿಯ ಮಿತಿ ಸ್ಪಷ್ಟ. 06ರಲ್ಲೂ ಮೈಕ್ ಎರಡೇ. ತಬಲ ಬಂದು ಪಕ್ಕದಲ್ಲಿ ಕೂತ ದಿನ ಜಾಗ ಮುಗಿಯಿತು.

ಅಂಗೈಯಗಲದ ರೋಲ್ಯಾಂಡ್ ಗೋ:ಮಿಕ್ಸರ್ ಪ್ರೋ-ಎಕ್ಸ್ ಕೂಡ ಇದೇ ಸಾಲಿನದು. ಫೋನಿನಲ್ಲೇ ಲೈವ್ ಮಾಡುವವರಿಗೆ, ಕಾಫಿ ತೋಟದ ನಡುವೆ ಗಿಟಾರ್ ಹಿಡಿದು ಕೂರುವವರಿಗೆ ಹೊಂದುತ್ತದೆ. ಸೆಲ್ ಹಾಕಿ ನಡೆಸಬಹುದು.

ಯುಎಸ್‌ಬಿ ಇರುವ ಮಾಮೂಲಿ ಮಿಕ್ಸರ್‌ಗಳು

ಎಂಜಿ10ಎಕ್ಸ್‌ಯು, ನೋಟ್‌ಪ್ಯಾಡ್-12ಎಫ್‌ಎಕ್ಸ್, ಮ್ಯಾಕಿ ಪ್ರೋಎಫ್‌ಎಕ್ಸ್10ವಿ3, ಬೆಹ್ರಿಂಜರ್ ಸರಣಿ. ಒಂದೇ ಮಿಕ್ಸರ್‌ನಲ್ಲಿ ಸಭಾಂಗಣದ ಸ್ಪೀಕರ್ರೂ ಲೈವೂ ಎರಡೂ ಆಗಬೇಕು ಅನ್ನುವವರು ಇಲ್ಲಿಗೇ ಬರಬೇಕು. ಮೊದಲ ಮೂರರಲ್ಲೂ ನಾಲ್ಕು ಮೈಕ್, ಒಳಗೇ ರಿವರ್ಬ್. ನೋಟ್‌ಪ್ಯಾಡ್‌ನ ಲೆಕ್ಸಿಕಾನ್ ರಿವರ್ಬ್ ಹಾಡಿಗೆ ಹಿತವಾಗಿದೆ. ಬೆಹ್ರಿಂಜರ್‌ನಲ್ಲಿ ಬೆಲೆ ಕಡಿಮೆ, ಆದರೆ ಕ್ಯೂ802ಯುಎಸ್‌ಬಿಯಲ್ಲಿ ರಿವರ್ಬ್ ಇಲ್ಲ ಅನ್ನುವುದನ್ನು ನೋಡಿಕೊಂಡು ತಗೊಳ್ಳಿ. ಹೆಸರಲ್ಲಿ ಕ್ಯೂಎಕ್ಸ್ ಅಂತ ಇದ್ದರೆ ಇರುತ್ತದೆ.

ಇವುಗಳಲ್ಲಿ ಮೂರು ವಿಷಯ ಗಮನಿಸಬೇಕು. ಇಂಥ ಮಿಕ್ಸರ್‌ನಿಂದ ಯುಎಸ್‌ಬಿಯಲ್ಲಿ ಸಾಮಾನ್ಯವಾಗಿ ಹೋಗುವುದು ಎಲ್ಲ ಸೇರಿದ ಒಂದೇ ಸ್ಟೀರಿಯೋ ಮಿಶ್ರಣ. ತಬಲ ಜಾಸ್ತಿಯಾಗಿತ್ತು, ಆಮೇಲೆ ಇಳಿಸಿ ಯೂಟ್ಯೂಬಿಗೆ ಹಾಕೋಣ ಅಂದರೆ ಆಗದು. ಎರಡನೆಯದು ಕರೆಂಟ್. ಇವು ಅಡಾಪ್ಟರ್‌ನಲ್ಲಿ ನಡೆಯುವವು, ಪವರ್ ಬ್ಯಾಂಕ್ ಉಪಯೋಗಕ್ಕೆ ಬಾರದು. ಮೂರನೆಯದೇ ಎಲ್ಲಕ್ಕಿಂತ ಮುಖ್ಯ: ಸಭೆಗೆ ಚೆನ್ನಾಗಿರುವ ಮಿಶ್ರಣ ಲೈವ್‌ಗೆ ಚೆನ್ನಾಗಿರುವುದಿಲ್ಲ. ಗಣಪತಿ ಪೆಂಡಾಲಿನಲ್ಲಿ ಚಂಡೆಗೋ ಡ್ರಮ್ಸ್‌ಗೋ ಮೈಕೇ ಬೇಡ, ಹಾಗೇ ಕಿವಿಗೆ ಬಡಿಯುತ್ತದೆ. ಆದ್ದರಿಂದ ಮಿಕ್ಸರ್‌ನಲ್ಲಿ ಅದನ್ನು ಇಳಿಸಿರುತ್ತಾರೆ. ಅದೇ ಮಿಶ್ರಣ ಲೈವ್‌ಗೆ ಹೋದರೆ ಮನೆಯಲ್ಲಿ ಕೇಳುವವರಿಗೆ ಬರಿ ಹಾಡು, ತಾಳವೇ ಇಲ್ಲ. ಇದಕ್ಕೆ ಪರಿಹಾರ ಪ್ರಿ-ಫೇಡರ್ ಆಕ್ಸ್ (ಫೇಡರ್ ಏರಿಸಿ ಇಳಿಸಿದರೂ ಬದಲಾಗದ ಪ್ರತ್ಯೇಕ ಔಟ್‌ಪುಟ್) ಇರುವ ಮಿಕ್ಸರ್. ಆ ಆಕ್ಸ್‌ನಲ್ಲಿ ಲೈವ್‌ಗೆಂದು ಬೇರೆಯೇ ಮಿಶ್ರಣ ಕಟ್ಟಿ ಕಳಿಸಬಹುದು. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ ಆಗಲಿ.

ನಿಮ್ಮ ಭಜನಾ ಮಂಡಳಿಯಲ್ಲೋ ದೇವಸ್ಥಾನದಲ್ಲೋ ಯುಎಸ್‌ಬಿ ಇಲ್ಲದ ಹಳೆಯ ಮಿಕ್ಸರ್ ಇದೆಯೇ? ಸುಮ್ನೆ ಹೊಸದು ತರಬೇಡಿ. ಬೆಹ್ರಿಂಜರ್ ಯುಸಿಎ202ನಂಥ ಪುಟ್ಟ ಪೆಟ್ಟಿಗೆ ಲ್ಯಾಪ್‌ಟಾಪಿಗೆ, ಐರಿಗ್ ಸ್ಟ್ರೀಮ್‌ನಂಥದ್ದು ಫೋನಿಗೆ. ಮಿಕ್ಸರ್‌ನ ಔಟ್‌ಪುಟ್‌ನಿಂದ ಇದಕ್ಕೆ ಒಂದು ಕೇಬಲ್ ಎಳೆದರೆ ಲೈವ್ ಸಿದ್ಧ. ಹೊಸ ಮಿಕ್ಸರ್‌ನ ದುಡ್ಡಿನಲ್ಲಿ ಸಣ್ಣ ಪಾಲು ಸಾಕು.

ಝೂಮ್ ಎಲ್-8

ಮೀಟಿಂಗ್ ಆ್ಯಪ್‌ಗೂ ಈ ಝೂಮ್‌ಗೂ ಸಂಬಂಧ ಇಲ್ಲ, ಇದು ಜಪಾನಿನ ಕಂಪನಿ. ಮಲೆನಾಡಿನ ತಂಡಗಳಿಗೆ ನನ್ನ ಮೆಚ್ಚಿನ ಆಯ್ಕೆ ಇದೇ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಆರು ಮೈಕ್ ಹಾಕಬಹುದು. ಲೈವ್‌ಗೆ ಒಟ್ಟು ಮಿಶ್ರಣ ಹೋಗುತ್ತಿರುವಾಗಲೇ ಒಳಗಿನ ಎಸ್‌ಡಿ ಕಾರ್ಡಿನಲ್ಲಿ ಪ್ರತಿ ಮೈಕೂ ಬೇರೆ ಬೇರೆಯಾಗಿ ರೆಕಾರ್ಡ್ ಆಗುತ್ತಿರುತ್ತದೆ. ಲೈವ್‌ನಲ್ಲಿ ಅರ್ಥಧಾರಿಯ ದನಿ ಕಡಿಮೆಯಾಗಿತ್ತೇ? ನಾಳೆ ಕೂತು ಸರಿಮಾಡಿ ಒಳ್ಳೆಯ ಪ್ರತಿಯನ್ನು ಹಾಕಬಹುದು. ನಡುವೆ ನೆಟ್‌ವರ್ಕ್ ಹೋಗಿ ಲೈವ್ ಕಡಿದರೂ ಕಾರ್ಯಕ್ರಮ ಕಾರ್ಡಿನಲ್ಲಿ ಭದ್ರ. ನಾಲ್ಕು ಹೆಡ್‌ಫೋನ್ ತೂತುಗಳಿವೆ, ಅದರಲ್ಲಿ ಮೂರಕ್ಕೆ ಬೇರೆ ಬೇರೆ ಮಿಶ್ರಣ ಕೊಡಬಹುದು. ಮದ್ದಲೆಯವರಿಗೆ ಭಾಗವತರ ದನಿ ಜಾಸ್ತಿ, ಭಾಗವತರಿಗೆ ಶ್ರುತಿ ಜಾಸ್ತಿ. ಫೋನ್ ಸಿಕ್ಕಿಸಿ ದೂರದವರನ್ನು ಕರೆಯಲ್ಲಿ ಸೇರಿಸಿಕೊಂಡರೆ ಅವರ ದನಿ ಅವರಿಗೇ ಪ್ರತಿಧ್ವನಿಸದಂತೆ ತಾನೇ ನೋಡಿಕೊಳ್ಳುತ್ತದೆ.

ಕರೆಂಟ್ ಹೋದರೆ? ಎಎ ಸೈಜಿನ ನಾಲ್ಕು ಪೆನ್ಸಿಲ್ ಸೆಲ್ ಸಾಕು, ಪವರ್ ಬ್ಯಾಂಕಿನಲ್ಲೂ ನಡೆಯುತ್ತದೆ. ಫ್ಯಾಂಟಮ್ ಪವರ್ ಆನ್ ಇದ್ದರೆ ಸೆಲ್ ಬೇಗ ಇಳಿಯುತ್ತದೆ, ಹಾಗಾಗಿ ರಾತ್ರಿಯಿಡೀ ನಡೆಯುವ ಆಟ-ಕೂಟಕ್ಕೆ ಪವರ್ ಬ್ಯಾಂಕೇ ಸರಿ.

ಕಷ್ಟಗಳೂ ಇವೆ. ಒಂದೇ ಗುಂಡಿ ಎರಡು ಮೂರು ಕೆಲಸ ಮಾಡುತ್ತದೆ, ದನಿಯ ತೆಳು-ದಪ್ಪ ಹೊಂದಿಸುವ ಈಕ್ವಲೈಸರ್‌ಗೆ ಮೊದಲು ಚಾನೆಲ್ ಆರಿಸಿ ಆಮೇಲೆ ತಿರುಗಿಸಬೇಕು. ಹಳೆಯ ಮಿಕ್ಸರ್ ಕೈಗೆ ಒಗ್ಗಿದವರಿಗೆ ಶುರುವಿನಲ್ಲಿ ಕಿರಿಕಿರಿ. ಕಲಿಯಲು ಒಬ್ಬರು ಆಸಕ್ತಿಯಿಂದ ಕೂರಬೇಕು. ಬೆಲೆ ಎಜಿ03ರ ಎರಡರಷ್ಟಕ್ಕೂ ಮೇಲೆ. ತಂಡ ಸೇರಿ ಹಾಕಿಕೊಂಡರೆ ಭಾರವಾಗದು.

ರೋಡ್‌ಕಾಸ್ಟರ್ ಡ್ಯುಯೋ, ಪ್ರೋ 2

ಡ್ಯುಯೋದಲ್ಲಿ ಎರಡು ಮೈಕ್, ಪ್ರೋ 2ರಲ್ಲಿ ನಾಲ್ಕು. ಬ್ಲೂಟೂತ್, ಟಚ್ ಸ್ಕ್ರೀನ್, ಜಿಂಗಲ್ ಬಾರಿಸುವ ಪ್ಯಾಡ್‌ಗಳು, ಲ್ಯಾಪ್‌ಟಾಪಿಗೂ ಫೋನಿಗೂ ಒಟ್ಟಿಗೆ ಕೊಡಲು ಎರಡು ಯುಎಸ್‌ಬಿ-ಸಿ. ಮಾತಿನ ದನಿಯನ್ನು ರೇಡಿಯೋದವರಂತೆ ತುಂಬಿಕೊಂಡು ಕೇಳಿಸುವುದರಲ್ಲಿ ಇದು ನಿಪುಣ. ಸಂದರ್ಶನ, ಹರಟೆ, ನಡುವೆ ಒಂದು ಹಾಡು ಅನ್ನುವಂಥ ಚಾನೆಲ್‌ಗೆ ಚೆನ್ನ. ಬರಿ ಸಂಗೀತಕ್ಕಾದರೆ ಕೊಟ್ಟ ದುಡ್ಡಿನಲ್ಲಿ ಹೆಚ್ಚು ಪಾಲು ನೀವು ಮುಟ್ಟದ ಗುಂಡಿಗಳಿಗೆ ಹೋಗುತ್ತದೆ. ಮಾಮೂಲಿ ಪವರ್ ಬ್ಯಾಂಕ್ ಇದಕ್ಕೆ ಸಾಲದು, ಪಿಡಿ (ಯುಎಸ್‌ಬಿ-ಸಿಯಲ್ಲಿ ಹೆಚ್ಚು ಪವರ್ ಕೊಡುವ ವ್ಯವಸ್ಥೆ) ಇರುವ ದೊಡ್ಡದೇ ಬೇಕು. ಗೇಮಿಂಗ್‌ಗೆಂದು ಬರುವ ಗೋಎಕ್ಸ್‌ಎಲ್‌ಆರ್‌ನಂಥವು ಒಂದೇ ಮೈಕಿನವು, ಸಂಗೀತಗಾರರು ಅತ್ತ ನೋಡುವುದೇ ಬೇಡ.

ಹಾಗಾದರೆ ಯಾರಿಗೆ ಯಾವುದು?

ಒಬ್ಬರೇ, ಫೋನಿನಲ್ಲಿ, ಹಾಡು ಅಥವಾ ಗಿಟಾರ್: ಎಜಿ03. ಒಬ್ಬರೇ, ಲ್ಯಾಪ್‌ಟಾಪ್‌ನಲ್ಲಿ, ಜೊತೆಗೆ ರೆಕಾರ್ಡಿಂಗ್ ಆಸೆಯೂ ಇದೆ: ಸ್ಕಾರ್ಲೆಟ್ 2ಐ2. ಸಂಗೀತ ಟೀಚರ್‌ಗಳಿಗೆ ಎರಡೂ ಸರಿ, ಪಾಠದ ಜೊತೆ ಕಛೇರಿ ಲೈವೂ ಮಾಡುವವರಾದರೆ ಎಜಿ06. ಮೂರ್ನಾಲ್ಕು ಜನರ ಭಾವಗೀತೆ ತಂಡ, ಸ್ಪೀಕರ್ ಕೂಡ ಬೇಕು, ಯುಪಿಎಸ್ ಇದೆ: ನೋಟ್‌ಪ್ಯಾಡ್-12ಎಫ್‌ಎಕ್ಸ್ ಅಥವಾ ಎಂಜಿ10ಎಕ್ಸ್‌ಯು. ತಾಳಮದ್ದಲೆ, ಬ್ಯಾಂಡ್, ಊರೂರಿಗೆ ಹೋಗುವ ತಂಡ: ಎಲ್-8. ಎರಡರ ನಡುವೆ ತೂಗಾಡುತ್ತಿದ್ದರೆ ಮೈಕ್ ಲೆಕ್ಕದಲ್ಲಿ ಒಂದು ಹೆಚ್ಚಿರುವುದಕ್ಕೇ ಹೋಗಿ. ತಂಡ ಬೆಳೆಯುತ್ತದೆ, ಮಿಕ್ಸರ್ ಬೆಳೆಯುವುದಿಲ್ಲ.

ಬಜೆಟ್ ಹಂಚುವಾಗ ಪೂರ್ತಿ ದುಡ್ಡು ಮಿಕ್ಸರ್‌ಗೇ ಸುರಿಯಬೇಡಿ. ಮೂರನೇ ಒಂದು ಪಾಲಾದರೂ ಮೈಕ್, ಸ್ಟ್ಯಾಂಡ್, ಒಳ್ಳೆಯ ಕೇಬಲ್‌ಗೆ ಇಟ್ಟುಕೊಳ್ಳಿ. ಹೆಂಚಿನ ಮನೆ, ಶೀಟಿನ ಮನೆಯವರು ಕಂಡೆನ್ಸರ್ ಮೈಕಿಗೆ ಆಸೆಪಡಬೇಡಿ. ಮಳೆ ಬಿದ್ದರೆ ಸೂರಿನ ಸದ್ದನ್ನೆಲ್ಲ ಅದು ಹೆಕ್ಕಿ ಕೊಡುತ್ತದೆ. ಶೂರ್ ಎಸ್‌ಎಂ58ನಂಥ ಡೈನಮಿಕ್ ಮೈಕನ್ನು ಬಾಯಿಗೆ ನಾಲ್ಕು ಬೆರಳು ದೂರದಲ್ಲಿ ಹಿಡಿದು ಹಾಡಿದರೆ ಮಳೆ ಹಿಂದೆ ಸರಿಯುತ್ತದೆ. ಅದಕ್ಕೆ ಫ್ಯಾಂಟಮ್ ಪವರ್ ಕೂಡ ಬೇಡ, ಬ್ಯಾಟರಿಯೂ ಉಳಿಯುತ್ತದೆ.

ಇಲ್ಲಿಯ ತೇವಕ್ಕೆ ಗುಂಡಿಗಳು ಬೇಗ ಕರಕರ ಅನ್ನಲು ಶುರುಮಾಡುತ್ತವೆ. ಕೆಲಸ ಮುಗಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಡಬ್ಬದಲ್ಲಿಡಿ. ಬಿಲ್ಲನ್ನೂ ಜೋಪಾನ ಮಾಡಿ, ರಿಪೇರಿಗೆ ಹೆಚ್ಚಾಗಿ ಬೆಂಗಳೂರಿಗೇ ಕಳಿಸಬೇಕಾಗುತ್ತದೆ.

ತಂದ ದಿನವೇ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ, ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ (ಲಿಂಕ್ ಇದ್ದವರಷ್ಟೇ ನೋಡಬಹುದಾದ) ಲೈವ್ ಒಂದು ಮಾಡಿ. ಫೋನಿನಿಂದ ಮಾಡುವವರ ಚಾನೆಲ್‌ಗೆ ಕನಿಷ್ಠ 50 ಸಬ್‌ಸ್ಕ್ರೈಬರ್ ಇರಬೇಕು, ಅದನ್ನು ಮೊದಲೇ ನೋಡಿಕೊಳ್ಳಿ. ಕಾರ್ಯಕ್ರಮಕ್ಕೆ ಬಳಸುವ ಅದೇ ಫೋನು, ಅದೇ ಕೇಬಲ್, ಅದೇ ಕೋಣೆ ಇರಲಿ. ಅತಿ ಜೋರಾಗಿ ಹಾಡುವ ಸಾಲನ್ನು ಹಾಡಿ, ಕೆಂಪು ದೀಪ ಹತ್ತದಷ್ಟಕ್ಕೆ ಗೇನ್ ಇಳಿಸಿ. 'ಗುಂಯ್' ಅನ್ನುವ ಸದ್ದು ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ತೊಂದರೆ ಅರ್ಥಿಂಗ್‌ನದು, ಮಿಕ್ಸರ್‌ನದಲ್ಲ. ಎಲ್ಲವನ್ನೂ ಅರ್ಥ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಆಮೇಲೆ ಬೇರೆ ಊರಲ್ಲಿರುವ ಯಾರಿಗಾದರೂ ಲಿಂಕ್ ಕಳಿಸಿ, ಹೆಡ್‌ಫೋನ್‌ನಲ್ಲಿ ಒಮ್ಮೆ, ಫೋನಿನ ಸ್ಪೀಕರ್‌ನಲ್ಲಿ ಒಮ್ಮೆ ಕೇಳಲು ಹೇಳಿ. ಎರಡರಲ್ಲೂ ಸಾಹಿತ್ಯದ ಪ್ರತಿ ಅಕ್ಷರ ಬಿಡಿಬಿಡಿಯಾಗಿ ಕೇಳಿಸಿತು ಅಂದರೆ ಡಬ್ಬ ಎತ್ತಿಡಿ, ವಾಪಸ್ ಕಳಿಸುವ ಮಾತಿಲ್ಲ.